ಇದು ಯಾವ ಡಬ್ಬಿಯ ಎಣ್ಣೆ?

ಒಮಾನಿನ ಸೊಹಾರ್‌ನಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಕಂಪನಿಯಲ್ಲಿ ಒಬ್ಬ ವೆಲ್ಡರ್‌ನ ಕೆಲಸ ಒಮ್ಮೆ ಒಂದು ಬೆರಳು ಎಣ್ಣೆಯಿಂದಾಗಿ ಹೋಗುವುದರಲ್ಲಿತ್ತು. ಆ ಕಂಪನಿಗೆ ಎಣ್ಣೆ ಆರಿಸಿಕೊಟ್ಟವಳು ನಾನೇ. ಆದ್ದರಿಂದ ಈ ಮಾತನ್ನು ಡಬ್ಬಿಗಳಿಂದಲೇ ಶುರು ಮಾಡಬೇಕು.

ನಮ್ಮದು ರಿಪೇರಿ ಗುತ್ತಿಗೆಯ ಕಂಪನಿ. ಸ್ಟಾಫ್ ಕ್ವಾರ್ಟರ್ಸ್‌ನ ಬಾಗಿಲು, ಕಿಟಕಿ, ಏಸಿ, ಊರಾಚೆಯ ಪಂಪ್‌ಹೌಸ್‌ಗಳು, ಮೀನಿನ ದೋಣಿಗಳು ಬಂದು ನಿಲ್ಲುವ ಕಡೆ ಒಂದು ಐಸ್ ಫ್ಯಾಕ್ಟರಿ. ಒಂದು ದಿಕ್ಕಿನಿಂದ ಸಮುದ್ರದ ಉಪ್ಪುಗಾಳಿ, ಇನ್ನೊಂದು ದಿಕ್ಕಿನಿಂದ ಮರಳುಧೂಳು. ರಾತ್ರಿ ಹೊರಗೆ ಮರೆತ ಸ್ಪ್ಯಾನರ್ ಬೆಳಿಗ್ಗೆ ಕೆಂಪಗೆ ಕೂತಿರುತ್ತಿತ್ತು. ಇದಕ್ಕೆ ಒಬ್ಬೊಬ್ಬರದು ಒಂದೊಂದು ಸ್ಪ್ರೇ. ಏಸಿಯವರಿಗೆ ಒಂದು, ಪಂಪಿನವರಿಗೆ ಇನ್ನೊಂದು, ಬಡಗಿಗೆ ಮತ್ತೊಂದು. ಡಬ್ಬಿಗೆ ಟೇಪ್ ಹಾಕಿ ಅಂಟಿಸಿರುವ ಸಣ್ಣ ಕೊಳವೆಯನ್ನು ಮೊದಲ ದಿನವೇ ಕಳೆದುಹಾಕುತ್ತಿದ್ದರು. ಆಮೇಲೆ ಒತ್ತಿದರೆ ಅರ್ಧ ಎಣ್ಣೆ ಕೀಲಿಗೆ, ಅರ್ಧ ಅಂಗಿಗೆ.

ಒಂದು ದಿನ ನಮ್ಮ ಮುದೀರ್ ನನ್ನನ್ನು ಕರೆದರು. ಮುದೀರ್ ಎಂದರೆ ಅಲ್ಲಿ ಮ್ಯಾನೇಜರ್. ಅವರು ಒಮಾನಿ. ಹುಡುಗರಾಗಿದ್ದಾಗ ಬಾಂಬೆಯಲ್ಲಿ ಓದಿದವರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು.

"ಸಿಸ್ಟರ್, ನನ್ನ ಶೆಡ್ಡಿನಲ್ಲಿ ಅಂಗಡಿ ಇಡುವಷ್ಟು ಡಬ್ಬಿ ಇದೆ. ಆದರೂ ಎಲ್ಲ ಬಾಗಿಲೂ ಅಳುತ್ತವೆ. ಒಂದು ಡಬ್ಬಿ ಆರಿಸಿಕೊಡಿ. ಎಲ್ಲದಕ್ಕೂ ಒಂದೇ. ಖಲಾಸ್."

ನಾನು ಮೈಸೂರಿನವಳು, ಓದಿದ್ದು ಬಿ.ಕಾಂ. ಎಣ್ಣೆಯ ವಿಷಯದಲ್ಲಿ ನನ್ನ ಅನುಭವವೆಲ್ಲ ಒಗ್ಗರಣೆಯಷ್ಟೇ. ಆದರೆ "ಗೊತ್ತಿಲ್ಲ" ಎನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಅದು ಗುಣವೋ ರೋಗವೋ, ಮನೆಯವರನ್ನೇ ಕೇಳಬೇಕು. "ಆಯಿತು ಸಾರ್" ಎಂದು ತಲೆಯಾಡಿಸಿ ಬಂದೆ.

ಮಸ್ಕತ್‌ನ ಸಪ್ಲೈಯರ್‌ಗಳಿಂದ ಸ್ಯಾಂಪಲ್ ತರಿಸಿದೆ. ಹಸಿರು ಡಬ್ಬಿಯದು ನೀರಿನಷ್ಟು ತೆಳುವಾದ ಎಣ್ಣೆ. ತುಕ್ಕಿನ ಸಂದಿಗೆ ನುಗ್ಗಿ ತೇವವನ್ನು ಹೊರಗೆ ಹಾಕುವುದು ಅದರ ಕೆಲಸ. ಹಳದಿ ಡಬ್ಬಿಯದು ದಪ್ಪ, ಹಚ್ಚಿದರೆ ಕೂತುಬಿಡುತ್ತಿತ್ತು. ಬಿಳಿ ಡಬ್ಬಿಯದು ಸಿಲಿಕೋನ್, ಮುಟ್ಟಿದರೆ ಕೈಗೆ ನುಣುಪು ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಮೂರನ್ನೂ ಬುಟ್ಟಿಯಲ್ಲಿಟ್ಟುಕೊಂಡು ಶೆಡ್ಡಿನ ಎಲ್ಲ ವಿಭಾಗಕ್ಕೂ ಹೋದೆ.

ಪಂಪ್ ಫಿಟ್ಟರ್ ಮೂಲ್ಕಿ ಕಡೆಯವರು, ತುಳು ಮಾತಿನವರು, ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು. ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಕರಾವಳಿಯವರಲ್ಲಿ ಅದಕ್ಕೆ ವಯಸ್ಸಿನ ಲೆಕ್ಕವಿಲ್ಲ. ಅವರು ಹಸಿರು ಡಬ್ಬಿಯನ್ನು ಮೂಸಿ, "ಇದರ ಪರಿಮಳ ಎಂತ ಅಕ್ಕ, ಸೀಮೆಎಣ್ಣೆಯ ತಮ್ಮನ ಹಾಗೆ ಉಂಟು" ಎಂದರು.

ಶೆಡ್ಡಿನ ಮೂಲೆಯಲ್ಲಿ ತಂತಿಬಲೆಯ ಒಂದು ಗೂಡು. ಅದಕ್ಕೆ ಬೀಗವಿರಲಿಲ್ಲ, ಚಿಲಕಕ್ಕೆ ತಂತಿ ಸುತ್ತಿರುತ್ತಿತ್ತು. ಅದು ವೆಲ್ಡರ್‌ನ ಜಾಗ. ಪಾಕಿಸ್ತಾನದ ಸಿಯಾಲ್‌ಕೋಟ್ ಕಡೆಯ ಆ ಮನುಷ್ಯನನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಒಳಗೆ ಆಕ್ಸಿಜನ್‌ನ ಕಪ್ಪು ಸಿಲಿಂಡರ್, ಅದರ ಪಕ್ಕ ಗ್ಯಾಸಿನ ಸಿಲಿಂಡರ್, ಗೋಡೆಗೆ ತೂಗುಹಾಕಿದ ಹಿತ್ತಾಳೆಯ ರೆಗ್ಯುಲೇಟರ್‌ಗಳು. ಅವನ್ನು ಮುಟ್ಟುವ ಮೊದಲು ಅವರು ಸೋಪು ಹಾಕಿ ಕೈ ತೊಳೆಯುತ್ತಿದ್ದರು. ನನ್ನ ಬುಟ್ಟಿ ನೋಡಿದ್ದೇ ಗೂಡಿನ ಬಾಗಿಲಿಗೆ ಅಡ್ಡ ನಿಂತರು.

"ಮೇಡಂ, ನೀವು ಯಾವ ಡಬ್ಬಿ ಆರಿಸಿದರೂ ಸರಿ, ಅದು ಈ ಬಾಗಿಲು ದಾಟಬಾರದು."

"ಯಾಕೆ ಉಸ್ತಾದ್?"

"ಈ ಸಿಲಿಂಡರ್ ತೆರೆದಾಗ ಆಕ್ಸಿಜನ್ ಎಷ್ಟು ಜೋರಾಗಿ ನುಗ್ಗುತ್ತದೆ ಗೊತ್ತಾ? ಅದರ ದಾರಿಯಲ್ಲಿ ಒಂದು ಹನಿ ಎಣ್ಣೆ ಸಿಕ್ಕರೆ ಕಡ್ಡಿ ಗೀರಬೇಕಾಗಿಲ್ಲ. ತಾನೇ ಹೊತ್ತಿಕೊಳ್ಳುತ್ತದೆ. ಎಲ್ಲಿ? ನನ್ನ ಮುಖದ ಮುಂದೆ."

ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತೇ. ಆದರೆ ಉಸ್ತಾದ್ ಇಂಥದ್ದರಲ್ಲಿ ತುಸು ಹೆಚ್ಚೇ ಕಟ್ಟುನಿಟ್ಟು. ಗಾಳಿ ಹೆಚ್ಚಿದ್ದರೆ ಬೆಸುಗೆಯ ಟಾರ್ಚ್ ಹಚ್ಚುವುದಿಲ್ಲ, ಗ್ಯಾಸಿನ ಹೋಸ್ ಬಿರುಕು ಬಿಟ್ಟಿದ್ದರೆ ಮುಟ್ಟುವುದಿಲ್ಲ. ಆ ಬೇಸಿಗೆಯಲ್ಲೇ ಒಂದು ಪಂಪ್‌ಹೌಸಿನ ಕೆಲಸವನ್ನು ಹೋಸ್ ಸರಿಯಿಲ್ಲವೆಂದು ಬಿಟ್ಟು ಬಂದಿದ್ದರು. ಗುತ್ತಿಗೆ ಕೊಟ್ಟವರ ಮುಂದೆ ಮುದೀರ್ ತಲೆತಗ್ಗಿಸಬೇಕಾಯಿತು. "ಇನ್ನೊಂದು ಸಲ ಆಗಲ್ಲ ಅಂದರೆ ವೀಸಾ ಕ್ಯಾನ್ಸಲ್, ಕೈಗೆ ಟಿಕೆಟ್" ಎಂದು ಎಲ್ಲರ ಮುಂದೆ ಹೇಳಿದ್ದರು. ಮುದೀರ್ ಸುಮ್ಮನೆ ಹೇಳುವವರಲ್ಲ. ಉಸ್ತಾದ್ ಆ ದಿನದಿಂದ ಇನ್ನಷ್ಟು ಮೌನಿಯಾಗಿದ್ದರು.

ಪರೀಕ್ಷೆ ಶುರುವಾಯಿತು. ಹಳೆಯ ನೀರಿನ ಪೈಪನ್ನು ಗೇಣುದ್ದ ಕತ್ತರಿಸಿ, ಹೊಳೆಯುವ ಹಾಗೆ ಉಜ್ಜಿ, ಒಂದೊಂದು ತುಂಡಿಗೆ ಒಂದೊಂದು ಡಬ್ಬಿಯ ಎಣ್ಣೆ ಹೊಡೆದೆ. ಒಂದನ್ನು ಬರಿದೇ ಬಿಟ್ಟೆ. ಸಮುದ್ರದ ನೀರಿನಲ್ಲಿ ಅದ್ದಿ, ನಮ್ಮ ಕ್ವಾರ್ಟರ್ಸ್‌ನ ತಾರಸಿಯ ಮೇಲೆ ತಂತಿಗೆ ತೂಗುಹಾಕಿದೆ. ಅದೇ ತಾರಸಿಯಲ್ಲಿ ನನ್ನ ಸಂಡಿಗೆಯೂ ಒಣಗುತ್ತಿತ್ತು. ನನ್ನ ಗಂಡ ಹತ್ತಿ ಬಂದವರು, "ಯಾವುದು ಕರಿಯೋದು, ಯಾವುದು ಕಾಯೋದು ಅಂತ ಮೊದಲೇ ಹೇಳ್ಬಿಡು ಮಾರಾಯ್ತಿ" ಎಂದರು.

ಬರಿದೇ ಬಿಟ್ಟ ತುಂಡು ಮಾರನೆಯ ದಿನವೇ ಕೆಂಪಾಯಿತು. ಬಿಳಿ ಡಬ್ಬಿಯದರ ಮೇಲೆ ಸಿಡುಬಿನ ಹಾಗೆ ಚುಕ್ಕೆ ಎದ್ದವು. ಹಸಿರಿನದು ಕೆಲವು ದಿನ ತಡೆದು ಆಮೇಲೆ ಕೈಬಿಟ್ಟಿತು. ಹಳದಿಯದು ಹಾಗೇ ಹೊಳೆಯುತ್ತಿತ್ತು. ಹಳದಿಯೇ ಗೆದ್ದಿತೆಂದು ಸಂತೋಷಪಟ್ಟೆ. ಆದರೆ ಅವೇ ಎಣ್ಣೆ ಹಚ್ಚಿ ಶೆಡ್ಡಿನ ಬಾಗಿಲ ಬಳಿ ಧೂಳಿಗಿಟ್ಟಿದ್ದ ತಗಡುಗಳನ್ನು ನೋಡಿದರೆ ಕತೆ ತಿರುಗುಮುರುಗು. ಹಳದಿ ಹಚ್ಚಿದ ತಗಡು ರವೆಯಲ್ಲಿ ಹೊರಳಿಸಿದ ಕಟ್ಲೆಟ್ಟಿನಂತಾಗಿತ್ತು. ಹಸಿರಿನದಕ್ಕೆ ಅಷ್ಟು ಧೂಳು ಹಿಡಿದಿರಲಿಲ್ಲ. ಕ್ವಾರ್ಟರ್ಸ್‌ನ ಬಾಗಿಲುಗಳಲ್ಲೂ ಇದೇ ಪಾಡು. ಹಸಿರು ಹೊಡೆದೊಡನೆ ಕಿರುಗುಟ್ಟುವುದು ನಿಲ್ಲುತ್ತಿತ್ತು, ಎಣ್ಣೆ ಆರಿದ ಮೇಲೆ ಮೊದಲಿಗಿಂತ ಜೋರಾಗಿ ಅಳುತ್ತಿತ್ತು. ಯಾವುದನ್ನೂ ಎಲ್ಲದಕ್ಕೂ ಇದೊಂದೇ ಸಾಕು ಎನ್ನುವಂತಿರಲಿಲ್ಲ. ಮುದೀರ್‌ಗೆ ಏನು ಹೇಳುವುದು ಎಂದು ತಲೆ ಕೆಟ್ಟುಹೋಯಿತು.

ದಾರಿ ತೋರಿಸಿದ್ದು ಒಂದು ಹೊಲಿಗೆ ಯಂತ್ರ. ಪಕ್ಕದ ಮನೆಯಲ್ಲಿ ಉಡುಪಿ ಕಡೆಯ ಒಬ್ಬಾಕೆ ಇದ್ದರು, ಆಕೆಯ ಗಂಡ ನಮ್ಮ ಅಕೌಂಟ್ಸ್‌ನಲ್ಲಿದ್ದರು. ನನ್ನ ಬುಟ್ಟಿ ಕಂಡು ಆಕೆ ಬಾಗಿಲಲ್ಲೇ ಹಿಡಿದರು.

"ನಮ್ಮ ಮೆಷಿನ್ನಿಗೂ ಒಂದು ಮದ್ದು ಬಿಡಿ ಮಾರಾಯ್ರೆ. ಮಧ್ಯಾಹ್ನ ಲಾಯ್ಕ ಓಡ್ತದೆ. ಇವರು ಆಫೀಸಿಂದ ಬಂದು ಏಸಿ ಹಾಕಿ ಕೂತ್ರೆ ನಿಲ್ತದೆ. ಅದಕ್ಕೂ ಇವರನ್ನು ಕಂಡ್ರೆ ಆಗುದಿಲ್ಲ ಕಾಣ್ತದೆ."

ಹಸಿರು ಹೊಡೆದೆ, ಓಡಿತು. ಕೆಲವು ದಿನಗಳಲ್ಲಿ ಆಕೆ ಮತ್ತೆ ಬಂದರು. ಈಗ ಯಂತ್ರ ಕೀಚುತ್ತಿತ್ತು, ಒಮ್ಮೊಮ್ಮೆ ಬಿಗಿಯುತ್ತಲೂ ಇತ್ತು. ಯಂತ್ರವನ್ನು ಮಗುಚಿ ಅಡಿಯ ತಗಡು ಬಿಚ್ಚಿದೆ. ಎಣ್ಣೆ ತಲುಪದ ಮೂಲೆಗಳಲ್ಲಿ ಬೆಳ್ಳಗೆ, ತುಪ್ಪದ ಹಾಗೆ ಏನೋ ಹೆಪ್ಪುಗಟ್ಟಿತ್ತು.

"ಇದಕ್ಕೆ ಯಾವ ಎಣ್ಣೆ ಹಾಕ್ತೀರಿ?"

ಆಕೆ ಬಚ್ಚಲುಮನೆಯ ಗೂಡಿನಿಂದ ಬಾಟಲಿ ತಂದು ತೋರಿಸಿದರು. "ಶುದ್ಧ ತೆಂಗಿನೆಣ್ಣೆ, ಊರಿನ ಗಾಣದ್ದು. ನಮ್ಮಮ್ಮನ ಮೆಷಿನ್ನಿಗೂ ಇದನ್ನೇ ಬಿಡುದು."

ಊರಿನ ಸೆಕೆಯಲ್ಲಿ ಅದು ನೀರಾಗಿಯೇ ಇರುತ್ತಿತ್ತು. ಸೊಹಾರ್‌ನಲ್ಲಿ ಹೊರಗೆ ಎಷ್ಟೇ ಬೆಂಕಿ ಸುರಿಯಲಿ, ಏಸಿ ಹಾಕಿದ ಕೋಣೆ ಡಿಸೆಂಬರಿನ ಊಟಿ. ಎಣ್ಣೆ ಹೆಪ್ಪುಗಟ್ಟಿ ಯಂತ್ರ ನಿಲ್ಲುತ್ತಿತ್ತು. ಹಸಿರು ಡಬ್ಬಿ ತಲುಪಿದ ಕಡೆಯಲ್ಲೆಲ್ಲ ಅದನ್ನು ಕರಗಿಸಿ ಹೊರಹಾಕಿತ್ತು, ಆದರೆ ತಾನೂ ಆರಿಹೋಗಿ ಉಕ್ಕಿಗೆ ಉಕ್ಕು ಉಜ್ಜುವಂತೆ ಬಿಟ್ಟಿತ್ತು. ಆ ದಿನ ಹಸಿರಿನಿಂದ ಪೂರ್ತಿ ತೊಳೆದು, ಒರೆಸಿ, ಒಣಗಿದ ಮೇಲೆ ಸಂದುಗಳಿಗೆ ಮಾತ್ರ ಹಳದಿಯನ್ನು ಚೂರುಚೂರೇ ಬಿಟ್ಟೆ. ಯಂತ್ರ ಏಸಿಯಲ್ಲೂ ಓಡಿತು, ಬಿಸಿಲಲ್ಲೂ ಓಡಿತು.

ಹೀಗೆ ತೀರ್ಮಾನಕ್ಕೆ ಬಂದೆ. ಬಿಡಿಸುವುದು, ತೊಳೆಯುವುದು ಹಸಿರಿನ ಕೆಲಸ. ಉಳಿದು ಕಾಯುವುದು ಹಳದಿಯ ಕೆಲಸ. ಹಳದಿ ಹಚ್ಚಿದರೆ ಮೇಲಿನದನ್ನು ಬಟ್ಟೆಯಲ್ಲಿ ಒರೆಸಿಬಿಡಬೇಕು, ಆಗ ಧೂಳು ಹಿಡಿಯುವುದಿಲ್ಲ. ಬಿಳಿ ಡಬ್ಬಿ ವಾಪಸ್ ಹೋಯಿತು.

"ಒಂದು ಅಂದಿದ್ದೆನಲ್ಲ ಸಿಸ್ಟರ್" ಎಂದರು ಮುದೀರ್.

"ಪಾತ್ರೆ ತೊಳೆಯುವುದು ಬೇರೆ, ಅಡುಗೆ ಮಾಡುವುದು ಬೇರೆ ಸಾರ್. ಒಂದೇ ಪುಡಿಯಲ್ಲಿ ಎರಡೂ ಆಗುವುದಿಲ್ಲ."

ಅವರು ನಕ್ಕು ಒಪ್ಪಿದರು. ಶೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿ ನನ್ನಿಂದ ಒಂದು ಪಾಠವನ್ನೂ ಮಾಡಿಸಿದರು. ನಾನು ನನ್ನ ಮೈಸೂರು ಹಿಂದಿಯಲ್ಲಿ ಎರಡೂ ಡಬ್ಬಿ ಎತ್ತಿ ತೋರಿಸಿ, ಕೊನೆಯಲ್ಲಿ ಹೊಲಿಗೆ ಯಂತ್ರದ ಕತೆ ಹೇಳಿ, "ತೆಂಗಿನೆಣ್ಣೆ ತಲೆಗೆ, ತೆಂಗಿನೆಣ್ಣೆ ಅಡುಗೆಗೆ, ಕಬ್ಬಿಣದ ಹತ್ತಿರ ಮಾತ್ರ ತರಬೇಡಿ" ಎಂದೆ. ಮಲಯಾಳಿಗಳೂ ನಮ್ಮ ಕರಾವಳಿಯವರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಫಿಟ್ಟರಣ್ಣ. ಉಸ್ತಾದ್ ಹಿಂದಿನಿಂದ, "ನನ್ನ ಗೂಡಿನೊಳಗೆ ಯಾವ ಎಣ್ಣೆಯೂ ಬೇಡ, ಅದನ್ನೂ ಹೇಳಿ ಮೇಡಂ" ಎಂದರು. ನಾನು ಅದನ್ನೂ ಹೇಳಿದೆ. ಜಂಭ ಬಂದಿತ್ತು ನನಗೆ, ಸುಳ್ಳು ಯಾಕೆ ಹೇಳಲಿ. ಯಾರ ಮನೆಗೆ ಹೋದರೂ ಮೊದಲು ಬಾಗಿಲಿನ ಕೀಲು ನೋಡುತ್ತಿದ್ದೆ.

ನವರಾತ್ರಿ ಬಂತು. ಫಿಟ್ಟರಣ್ಣ ಸ್ಟೋರ್ಸ್‌ನ ಕಿಟಕಿಗೆ ಬಂದು ನಿಂತರು.

"ಅಕ್ಕ, ಆಯುಧ ಪೂಜೆಗೆ ಶೆಡ್ಡಿನಲ್ಲಿ ಸ್ವಲ್ಪ ಜಾಗ ಸಿಕ್ಕಿದ್ರೆ ಆಗ್ತಿತ್ತು. ರೂಮಿನಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟು ಕೈಮುಗಿದು ಮುಗಿದು ಸಾಕಾಯ್ತು. ವರ್ಷ ಇಡೀ ಅನ್ನ ಕೊಡುವ ಸಾಮಾನು ಇಲ್ಲಿ ಉಂಟಲ್ವಾ. ನೀವು ಮುದೀರ್ ಹತ್ರ ಒಂದು ಮಾತು ಕೇಳಿ."

ಕೇಳಿದೆ. ಮುದೀರ್ ತುಸು ಯೋಚಿಸಿ, ಶುಕ್ರವಾರ ಬೆಳಿಗ್ಗೆ ಮಾಡಿಕೊಳ್ಳಿ, ಬೆಂಕಿ ಬೇಡ, ಗಂಟೆ ಬೇಡ, ನಮಾಜಿಗೆ ಮುಂಚೆ ಮುಗಿಸಿ ಎಂದರು. "ನಿಮ್ಮ ಹತ್ಯಾರಗಳನ್ನು ನೀವೇ ತೊಳೆದಿಟ್ಟರೆ ನನಗೇನು ನಷ್ಟ?" ಎಂದು ಶೆಡ್ಡಿನ ಕೀಯನ್ನೂ ಕೊಟ್ಟರು. ಪಂಚಾಂಗದ ಪ್ರಕಾರ ಹಬ್ಬ ಯಾವತ್ತಿತ್ತೋ, ಗಲ್ಫಿನಲ್ಲಿ ಎಲ್ಲ ಹಬ್ಬವೂ ಶುಕ್ರವಾರವೇ ಬರುತ್ತದೆ.

ಅಂದು ಬೆಳಿಗ್ಗೆ ಫಿಟ್ಟರಣ್ಣನೂ ಊರಿನ ಇನ್ನು ಕೆಲವರೂ ಸೇರಿ ಸ್ಪ್ಯಾನರ್, ಸುತ್ತಿಗೆ, ಪೈಪ್ ವ್ರೆಂಚ್ ಎಲ್ಲವನ್ನೂ ಹಸಿರಿನಲ್ಲಿ ತೊಳೆದು ಹಳದಿಯಲ್ಲಿ ಒರೆಸಿದರು. ನನಗೆ ಹೆಮ್ಮೆಯೋ ಹೆಮ್ಮೆ. ಪಕ್ಕದ ತೋಟದವರು ಕೊಟ್ಟ ಬಾಳೆ ಎಲೆಗಳನ್ನು ಹಲಗೆಯ ಮೇಲೆ ಹಾಸಿ ಎಲ್ಲವನ್ನೂ ಸಾಲಾಗಿ ಜೋಡಿಸಿದೆವು. ಬೇಲಿಯ ಕಣಗಿಲೆ ಹೂವು. ನಾನು ಮನೆಯಿಂದ ಅರಿಸಿನ, ಕುಂಕುಮ, ಬೆಲ್ಲದ ಅವಲಕ್ಕಿ ಒಯ್ದಿದ್ದೆ.

ಫಿಟ್ಟರಣ್ಣ ಸಾಲನ್ನು ಒಮ್ಮೆ ನೋಡಿ ಗೂಡಿನ ಕಡೆ ತಿರುಗಿದರು. "ಉಸ್ತಾದರ ಸಾಮಾನು ಬಿಟ್ಟುಹೋಯ್ತು. ಎಲ್ಲವನ್ನು ಕರೆದು ಒಂದನ್ನು ಬಿಟ್ರೆ ಅದಕ್ಕೆ ಬೇಜಾರಲ್ವಾ ಅಕ್ಕ?"

ನನಗೂ ಅದು ಸರಿಯೆನಿಸಿತು. ಉಸ್ತಾದ್ ರಜೆಯ ದಿನ ಎಲ್ಲೋ ಹೋಗಿದ್ದರು. ಫಿಟ್ಟರಣ್ಣ ಚಿಲಕದ ತಂತಿ ಬಿಚ್ಚಿ, ಎರಡೂ ರೆಗ್ಯುಲೇಟರ್, ಟಾರ್ಚ್ ತಂದು ಎಲೆಯ ಮೇಲಿಟ್ಟರು. ಆಮೇಲೆ ಒಂದು ಬಟ್ಟಲಲ್ಲಿ ತೆಂಗಿನೆಣ್ಣೆ ಹಾಕಿಕೊಂಡು, ಹಬ್ಬದ ದಿನ ಮಕ್ಕಳ ನೆತ್ತಿಗೆ ಶಾಸ್ತ್ರಕ್ಕೆ ಮುಟ್ಟಿಸುವ ಹಾಗೆ ಒಂದೊಂದಕ್ಕೂ ಬೆರಳಲ್ಲಿ ಮುಟ್ಟಿಸುತ್ತ ಬಂದರು. ಒಣ ಲೋಹದ ಮೇಲೆ ಕುಂಕುಮ ನಿಲ್ಲುವುದಿಲ್ಲ, ಎಣ್ಣೆಯ ಮೇಲಾದರೆ ಕೂರುತ್ತದೆ. ಅವರ ಹಿಂದೆ ನಾನು ಕುಂಕುಮ ಇಡುತ್ತ ಬಂದೆ. ಎತ್ತಲಾಗದ ಕಪ್ಪು ಸಿಲಿಂಡರಿನ ಕತ್ತಿಗೂ ಗೂಡಿನೊಳಗೇ ಹೋಗಿ ಇಟ್ಟೆವು. ಎಲ್ಲರೂ ಕೈಮುಗಿದೆವು. ಸಾಮಾನನ್ನು ಮತ್ತೆ ಅದರದರ ಜಾಗಕ್ಕೆ ಇಟ್ಟು, ಅವಲಕ್ಕಿ ತಿಂದು, ನಮಾಜಿನ ಹೊತ್ತಿಗೆ ಮನೆ ಸೇರಿದೆವು. ಪರದೇಶದಲ್ಲೂ ಎಷ್ಟು ಚೆನ್ನಾಗಿ ಆಯಿತಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡೆ.

ಶನಿವಾರ ನಾನು ಹೋಗುವಷ್ಟರಲ್ಲಿ ಶೆಡ್ಡಿನ ಮುಂದೆ ಕೂಗಾಟ. ಐಸ್ ಫ್ಯಾಕ್ಟರಿಯಲ್ಲಿ ನೀರಿನ ತಾಮ್ರದ ಪೈಪು ಒಡೆದಿತ್ತು. ದೋಣಿಗಳು ಮೀನು ತುಂಬಿಕೊಂಡು ಬಂದು ನಿಂತಿದ್ದವು, ಐಸ್ ಇಲ್ಲ. ಬೆಸುಗೆ ಹಾಕಿದರೆ ಮುಗಿಯುವ ಕೆಲಸ. ಪಿಕಪ್ ಸಿದ್ಧವಾಗಿ ನಿಂತಿತ್ತು. ಉಸ್ತಾದ್ ಗೂಡಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಇವತ್ತು ಆಗಲ್ಲ ಸಾಬ್."

"ಹೋಸ್ ಸರಿಯಿಲ್ಲವಾ?" ಮುದೀರ್ ಕೇಳಿದರು.

"ಸರಿಯಿದೆ."

"ಗ್ಯಾಸ್ ಇಲ್ಲವಾ?"

"ಇದೆ."

"ಹಾಗಾದರೆ ಯಾಕೆ ಆಗಲ್ಲ?"

ಉಸ್ತಾದ್ ಮಾತಾಡಲಿಲ್ಲ. ಮುದೀರ್ ಮತ್ತೆ ಕೇಳಿದರು, ಈ ಸಲ ಕಿರುಚಿಯೇ ಕೇಳಿದರು. ಕೆಲಸಗಾರರೆಲ್ಲ ಸುತ್ತ ಸೇರಿದ್ದರು. ಮುದೀರ್ ನನ್ನನ್ನು ಕಂಡವರೇ, "ಸಿಸ್ಟರ್, ಇವನ ಸಾಮಾನೆಲ್ಲ ಎಣಿಸಿ ವಾಪಸ್ ತಗೊಳ್ಳಿ. ನಾನು ಪಾಸ್‌ಪೋರ್ಟ್ ತೆಗೆಸುತ್ತೇನೆ. ಖಲಾಸ್!" ಎಂದರು.

ಯಾರನ್ನಾದರೂ ಕಳಿಸುವಾಗ ಅವರ ಸಾಮಾನು ವಾಪಸ್ ಪಡೆಯುವುದು ಸ್ಟೋರ್ಸ್‌ನ ಕೆಲಸ. ಉಸ್ತಾದ್ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಅವರ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಒಳಗೆ ಹೋಗಿ ಗೋಡೆಯ ಮೇಲಿದ್ದ ರೆಗ್ಯುಲೇಟರಿಗೆ ಕೈ ಹಾಕಿದೆ. ಎದುರಿಗೇ ನಾನಿಟ್ಟ ಕುಂಕುಮ. ಎಣ್ಣೆ ರಾತ್ರಿಯೆಲ್ಲ ಇಳಿದು, ಸಿಲಿಂಡರಿಗೆ ಕೂರಿಸುವ ನಟ್ಟಿನ ತಿರುಪಿನವರೆಗೆ ಕೆಂಪಗೆ ಹರಿದಿತ್ತು.

ತಿಂಗಳುಗಟ್ಟಲೆ ಹನಿ ಹನಿ ಎಣ್ಣೆ ನೋಡಿದವಳು ನಾನು. ಧೂಳಿಗಿಟ್ಟು, ಉಪ್ಪಿಗಿಟ್ಟು ನೋಡಿದವಳು. ತೆಂಗಿನೆಣ್ಣೆ ಕಬ್ಬಿಣದ ಹತ್ತಿರ ಬರಬಾರದೆಂದು ಇದೇ ಶೆಡ್ಡಿನಲ್ಲಿ ಭಾಷಣ ಬಿಗಿದವಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಫಿಟ್ಟರಣ್ಣ ಬೆರಳು ಅದ್ದುವಾಗ ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಎಣ್ಣೆಯಾಗಿ ಬಿದ್ದಿರಲಿಲ್ಲ.

ಬಲೆಯಾಚೆ ಫಿಟ್ಟರಣ್ಣ ನಿಂತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಸೆರಗಿನಿಂದ ಒರೆಸಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒರೆಸಿದರೆ ಎಣ್ಣೆ ಹೋಗುವುದಿಲ್ಲ, ಉಸ್ತಾದರ ಕೆಲಸ ಮಾತ್ರ ಹೋಗುತ್ತದೆ. ಬಾಯಿ ಬಿಟ್ಟರೆ ಪೂಜೆ ನಿಲ್ಲುತ್ತದೆ, ಫಿಟ್ಟರಣ್ಣನ ವಿಚಾರಣೆಯಾಗುತ್ತದೆ, ದೇಶದೇಶದವರ ಮುಂದೆ ನಮ್ಮ ಮರ್ಯಾದೆ ಬೀದಿಗೆ ಬರುತ್ತದೆ. ಇದನ್ನೆಲ್ಲ ಯೋಚಿಸುತ್ತ ಕ್ಷಣ ಹೊತ್ತು ನಿಂತೆ ಎನ್ನುವುದೂ ನಾಚಿಕೆಯ ಮಾತೇ. ರೆಗ್ಯುಲೇಟರ್ ಹಿಡಿದುಕೊಂಡೇ ಹೊರಗೆ ಬಂದೆ.

"ಸಾರ್, ಉಸ್ತಾದ್ ಮಾಡಿದ್ದು ಸರಿ. ಇದಕ್ಕೆ ಎಣ್ಣೆ ತಗುಲಿದೆ. ತೆರೆದಿದ್ದರೆ ಅವರ ಮುಖಕ್ಕೇ ಹೊತ್ತಿಕೊಳ್ಳುತ್ತಿತ್ತು."

ಮುದೀರ್ ಅದನ್ನು ಕೈಗೆ ತೆಗೆದುಕೊಂಡರು. ಬೆರಳಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

"ಇದು ಯಾವ ಡಬ್ಬಿಯ ಎಣ್ಣೆ ಸಿಸ್ಟರ್? ಹಸಿರಿನದೋ, ಹಳದಿಯದೋ?"

ಅವರು ಚುಚ್ಚಿ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು, ಎಣ್ಣೆಯ ವಿಷಯದಲ್ಲಿ ನನ್ನ ಮಾತನ್ನು ನಂಬಿದ ಮನುಷ್ಯ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ತೆಂಗಿನೆಣ್ಣೆ ಸಾರ್. ನಿನ್ನೆ ನಮ್ಮ ಪೂಜೆಯದು. ಆ ಕೆಂಪು ನಾನೇ ಇಟ್ಟಿದ್ದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಬರುತ್ತಿತ್ತು. ಮುದೀರ್ ಉಸ್ತಾದರ ಕಡೆ ತಿರುಗಿದರು. "ನಿನಗೆ ಬಾಯಿಲ್ಲವಾ? ಇದನ್ನು ಮೊದಲೇ ಹೇಳೋಕೆ ಏನಾಗಿತ್ತು?"

ಉಸ್ತಾದ್ ನೆಲ ನೋಡುತ್ತ ಹೇಳಿದರು: "ಅದರ ಮೇಲೆ ಅವರ ದೇವರ ಗುರುತು ಇತ್ತು ಸಾಬ್. ಒರೆಸೋಕೆ ಕೈ ಬರಲಿಲ್ಲ. ಹೇಳಿದರೆ ನೀವು ಅವರ ಪೂಜೆ ನಿಲ್ಲಿಸಿಬಿಡ್ತಿದ್ದಿರಿ. ಮೇಡಂ ಬರಲಿ, ಅವರದನ್ನು ಅವರೇ ತೆಗೀಲಿ ಅಂತ ಕಾಯ್ತಾ ಇದ್ದೆ."

ಆಮೇಲೆ ಕೆಲಸ ಕೆಲಸದ ಹಾಗೆ ನಡೆಯಿತು. ಎರಡೂ ರೆಗ್ಯುಲೇಟರ್, ಟಾರ್ಚ್ ಬೇರೆ ಇಟ್ಟರು. ಸಿಲಿಂಡರಿನ ವಾಲ್ವಿಗೂ ಎಣ್ಣೆ ಇಳಿದಿತ್ತು. ಅದನ್ನು ಹಾಗೇ ನೆರಳಿಗೆ ಸರಿಸಿ, ಯಾರೂ ಮುಟ್ಟದಂತೆ ಚೀಟಿ ಕಟ್ಟಿ, ಕಾರಣ ತಿಳಿಸಿ ಗ್ಯಾಸ್ ಕಂಪನಿಗೆ ಕಳಿಸಬೇಕಾಯಿತು. ಮುದೀರ್ ತಾವೇ ಪಿಕಪ್ ಓಡಿಸಿಕೊಂಡು ಹೋಗಿ ಗೊತ್ತಿದ್ದವರ ವರ್ಕ್‌ಶಾಪಿನಿಂದ ಸಿಲಿಂಡರ್, ಟಾರ್ಚ್ ಎರವಲು ತಂದರು. ನನ್ನ ಸ್ಟೋರ್ಸ್‌ನಲ್ಲಿ ಪೊಟ್ಟಣ ಒಡೆಯದ ಹೊಸ ರೆಗ್ಯುಲೇಟರ್ ಇತ್ತು. ಓಡಿಹೋಗಿ ತಂದು, ಪೊಟ್ಟಣ ಹರಿಯಲು ಹೋದೆ. ಉಸ್ತಾದ್ ಮೆಲ್ಲಗೆ, "ಬೇಡ ಮೇಡಂ, ಹಾಗೇ ಮೇಜಿನ ಮೇಲಿಡಿ, ನಾನು ತಗೊಳ್ತೀನಿ" ಎಂದರು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡಿದ್ದ ಕೈ ನನ್ನದು. ಮೇಜಿನ ಮೇಲಿಟ್ಟು ಹಿಂದೆ ಸರಿದೆ.

ಮಧ್ಯಾಹ್ನದ ಹೊತ್ತಿಗೆ ಪೈಪು ಸರಿಯಾಯಿತು. ಅಷ್ಟರಲ್ಲಿ ಬಿಸಿಲಿಗೆ ಬಾಡಿದ ಮೀನನ್ನು ಮೀನುಗಾರರು ಒಣಗಿಸಲು ಹರಡಿದ್ದರಂತೆ. ಉಸ್ತಾದರ ಪಾಸ್‌ಪೋರ್ಟಿನ ಮಾತನ್ನು ಮುದೀರ್ ಮತ್ತೆ ಎತ್ತಲಿಲ್ಲ. "ಯಲ್ಲಾ, ಊಟ ಮಾಡಿ ಹೋಗು" ಎಂದು ಅವರ ಬೆನ್ನು ತಟ್ಟಿದರು, ಅಷ್ಟೇ. ಫಿಟ್ಟರಣ್ಣನನ್ನು ಕರೆಸಲೇ ಇಲ್ಲ. ನನ್ನನ್ನು ಬಯ್ಯಲಿ ಎಂದು ಬಾಗಿಲಲ್ಲಿ ನಿಂತೇ ಇದ್ದೆ. "ಮುಂದಿನ ವರ್ಷ ಮಾಡುವಾಗ ಉಸ್ತಾದನನ್ನು ಒಂದು ಮಾತು ಕೇಳಿ ಮಾಡಿ" ಎಂದು ಹೇಳಿ ಅವರು ಫೋನ್ ಎತ್ತಿಕೊಂಡರು.

ಫಿಟ್ಟರಣ್ಣ ಸಂಜೆ ಕಿಟಕಿಗೆ ಬಂದರು. ಸರಳು ಹಿಡಿದು ನಿಂತರು.

"ಅದು ಎಣ್ಣೆ ಅಂತ ನಂಗೆ ತಲೆಗೇ ಹೋಗ್ಲಿಲ್ಲ ಅಕ್ಕ. ಪೂಜೆದ್ದಲ್ವಾ ಅದು."

ಅವರನ್ನು ಬಯ್ಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ನನ್ನ ತಲೆಗೂ ಹೋಗಿರಲಿಲ್ಲ. ನಮ್ಮಲ್ಲಿ ದೇವರಿಗೆ ಮುಟ್ಟಿಸಿದ ಎಣ್ಣೆ ಯಾವ ಎಣ್ಣೆಯ ಲೆಕ್ಕಕ್ಕೂ ಸೇರುವುದಿಲ್ಲ. ಅದು ಜಾರುವುದಿಲ್ಲ, ಇಳಿಯುವುದಿಲ್ಲ, ಹೊತ್ತಿಕೊಳ್ಳುವುದಂತೂ ಇಲ್ಲವೇ ಇಲ್ಲ ಎಂದುಕೊಂಡಿರುತ್ತೇವೆ. "ಉಸ್ತಾದರ ಹತ್ತಿರ ಹೋಗಿ ಬನ್ನಿ ಅಣ್ಣ" ಎಂದೆ. ಅವರು ಆಗಲೇ ಹೋಗಿ ಬಂದಿದ್ದರು. ಕೈಮುಗಿದರೆ ಉಸ್ತಾದ್ ಆ ಕೈಗಳನ್ನು ಬಿಡಿಸಿ ಚಹಾ ಕೊಟ್ಟರಂತೆ.

ನಾನೂ ಮಾರನೆಯ ದಿನ ಹೋಗಿ ತಪ್ಪಾಯಿತು ಎಂದೆ. "ಬಿಡಿ ಮೇಡಂ" ಎಂದರು. ಅಷ್ಟಕ್ಕೇ ಮುಗಿಯಿತೆಂದುಕೊಂಡೆ. ನಮ್ಮಿಬ್ಬರ ನಡುವೆ ಮೊದಲಿನ ಹಾಗೇ ಮಾತುಕತೆ ಇತ್ತು. ಎರಡು ಡಬ್ಬಿಗಳ ಪದ್ಧತಿಯೂ ಶೆಡ್ಡಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ತುಕ್ಕು ನಿಜಕ್ಕೂ ಕಡಿಮೆಯಾಗಿತ್ತು. ಯಾರಾದರೂ ಅದಕ್ಕಾಗಿ ನನ್ನನ್ನು ಹೊಗಳಿದರೆ ಮಾತು ಬದಲಿಸುತ್ತಿದ್ದೆ.

ಮುಂದಿನ ವರ್ಷ ನವರಾತ್ರಿ ಇನ್ನೇನು ಬಂತು ಎನ್ನುವಾಗ, ಫಿಟ್ಟರಣ್ಣ ನನ್ನ ಕಿಟಕಿಗೆ ಬರುವ ಮೊದಲೇ, ಉಸ್ತಾದ್ ಬಂದರು.

"ಮೇಡಂ, ಒಂದು ಬೀಗ ಬೇಕಿತ್ತು. ಗೂಡಿಗೆ."

"ಯಾಕೆ ಉಸ್ತಾದ್, ಏನಾದರೂ ಕಳೆದುಹೋಯಿತಾ?"

ಅವರು ನನ್ನ ಮುಖ ನೋಡಲಿಲ್ಲ. ಕಟ್ಟೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ, "ಇಲಿ ಕಾಟ" ಎಂದರು.

ಆ ಶೆಡ್ಡಿನಲ್ಲಿ ಇಲಿ ಕಂಡವರಿಲ್ಲ. ನಾನು ಒಳಗೆ ಹೋಗಿ ಒಳ್ಳೆಯದೊಂದು ಬೀಗ ಆರಿಸಿ, ಎರಡು ಕೀಗಳ ಸಮೇತ ಕಟ್ಟೆಯ ಮೇಲಿಟ್ಟೆ. ಯಾವ ಬೀಗ ಕೊಟ್ಟರೂ ಅದರ ಒಂದು ಕೀ ಸ್ಟೋರ್ಸ್‌ನ ಹಲಗೆಯ ಮೇಲೆ ತೂಗುಹಾಕಿಕೊಳ್ಳಬೇಕೆಂಬುದು ನಿಯಮ. ಅದನ್ನು ನನಗಿಂತ ಚೆನ್ನಾಗಿ ತಿಳಿದವರು ಉಸ್ತಾದ್. ಅವರು ಬೀಗವನ್ನು ಎತ್ತಿಕೊಂಡರು, ಕೀಗಳನ್ನು ಮುಟ್ಟಲಿಲ್ಲ. ಹೊರಡಲೂ ಇಲ್ಲ.

ಎರಡೂ ಕೀಗಳನ್ನು ಅವರ ಕಡೆಗೆ ತಳ್ಳಿದೆ.